ಯಾವ ಕಷ್ಟ ನನ್ನ ಶಿಲುಬೆ, ಯಾವುದು ಅಲ್ಲ?

ಪ್ರಶ್ನೆ: ಕ್ರಿಸ್ತನ ಶಿಷ್ಯರಾಗಬೇಕಾದರೆ ಕಷ್ಟವನ್ನು ಮನಸಾರೆ ಒಪ್ಪಿಕೊಳ್ಳಬೇಕು ಎಂದು ಪ್ರಸಂಗಗಳಲ್ಲಿ ಕೇಳುತ್ತ ಬಂದಿದ್ದೇನೆ. ಹಾಗಾಗಿ ವಾರಕ್ಕೆ ಎರಡು ದಿನ ಏನೂ ತಿನ್ನದೆ ಉಪವಾಸ ಇರುತ್ತೇನೆ. ಭಾನುವಾರದ ಸಂಡೇ ಸ್ಕೂಲ್, ಬುಧವಾರದ ಪ್ರಾರ್ಥನಾ ಕೂಟ, ಶನಿವಾರ ಸಭೆಯ ಲೆಕ್ಕಪತ್ರ ಎಲ್ಲ ನನ್ನ ಮೇಲೇ ಇದೆ. ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದ ಅಪ್ಪನನ್ನು ರಾತ್ರಿ ನೋಡಿಕೊಳ್ಳುವವಳೂ ನಾನೇ. ಅಣ್ಣ ಬೇರೆ ಊರಿನಲ್ಲಿದ್ದಾನೆ. ಕಚೇರಿಯಲ್ಲಿ ಸುಳ್ಳು ಬಿಲ್ಲಿಗೆ ಸಹಿ ಹಾಕಲು ಒಪ್ಪಲಿಲ್ಲ ಎಂದು ಈ ಸಲದ ಬಡ್ತಿಯೂ ತಪ್ಪಿತು, ಅದಿರಲಿ. ನನ್ನ ತೊಂದರೆ ಏನೆಂದರೆ ಇತ್ತೀಚೆಗೆ ಎಲ್ಲರ ಮೇಲೂ ಸಿಡುಕುತ್ತಿದ್ದೇನೆ. ಸಂತೋಷದಿಂದ ಹೊರಲಾಗದ ಶಿಲುಬೆಗೆ ಬೆಲೆಯಿದೆಯೇ? ಮನಸ್ಸನ್ನು ಒಗ್ಗಿಸಿಕೊಳ್ಳುವುದು ಹೇಗೆ?

ಉತ್ತರ: ಬಡ್ತಿ ತಪ್ಪಿದ್ದನ್ನು ನೀವು ‘ಅದಿರಲಿ’ ಎಂದು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ಆದರೆ ನೀವು ಬರೆದಿರುವುದರಲ್ಲೆಲ್ಲ ಸಂದೇಹವಿಲ್ಲದೆ ಶಿಲುಬೆ ಎನ್ನಬಹುದಾದದ್ದು ಅದೊಂದೇ. ಉಪವಾಸ ಅಲ್ಲ, ಸಂಡೇ ಸ್ಕೂಲ್ ಅಲ್ಲ, ನಿದ್ದೆಗೆಟ್ಟ ರಾತ್ರಿಗಳೂ ಪೂರ್ತಿಯಾಗಿ ಅಲ್ಲ. ಇದು ಸ್ಪಷ್ಟವಾದರೆ ಉಳಿದ ಗಂಟು ಬಿಚ್ಚುವುದು ಸುಲಭ.

ತನ್ನನ್ನು ತಾನು ನಿರಾಕರಿಸಬೇಕು, ದಿನಾಲೂ ಶಿಲುಬೆ ಹೊರಬೇಕು, ನನ್ನ ಹಿಂದೆ ಬರಬೇಕು ಎಂದು ಯೇಸು ಹೇಳಿದ್ದು ಲೂಕ 9:23ರಲ್ಲಿದೆ. ಮೂರರಲ್ಲಿ ಕೊನೆಯದು ಗುರಿ. ಮೊದಲೆರಡು ಆ ಗುರಿಯಿಂದ ಬರುವಂಥವು. ಅವರ ಹಿಂದೆ ಹೋಗುವಾಗ ದಾರಿಯಲ್ಲಿ ತೆರಬೇಕಾಗಿ ಬರುವ ಬೆಲೆ ಶಿಲುಬೆ. ಆ ಮಾತನ್ನು ಮೊದಲು ಕೇಳಿದವರಿಗೆ ಶಿಲುಬೆ ಎಂದರೆ ರೋಮ್ ಸರ್ಕಾರದ ಮರಣದಂಡನೆ. ಸೊಂಟನೋವು, ಸಾಲ, ಜಗಳಗಂಟಿ ನೆಂಟರು ಅವರ ತಲೆಗೆ ಹೊಳೆದಿರಲಾರದು. ಹಾಗಾಗಿ ಯಾವುದೇ ಕಷ್ಟವನ್ನು ಹಿಡಿದು ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಕ್ರಿಸ್ತನ ಮಾತು ಮೀರಿದ್ದರೆ ಈ ಕಷ್ಟ ತಪ್ಪುತ್ತಿತ್ತೇ? ಸಹಿ ಹಾಕಿದ್ದರೆ ಬಡ್ತಿ ಬರುತ್ತಿತ್ತು. ನೀವು ಹಾಕಲಿಲ್ಲ, ಅದು ಬರಲಿಲ್ಲ. ಇಲ್ಲಿ ಲೆಕ್ಕ ನೇರವಾಗಿದೆ.

ಇದೇ ಪ್ರಶ್ನೆಯನ್ನು ಕಾಯಿಲೆಗೆ ಕೇಳಿದರೆ ಉತ್ತರ ‘ಇಲ್ಲ’ ಎಂದೇ ಬರುತ್ತದೆ. ನಂಬಿದವರಿಗೂ ನಂಬದವರಿಗೂ ಬರುವ ಕಾಯಿಲೆ, ಸಾವು, ನಷ್ಟ ಮನುಷ್ಯಜೀವನದ ಪಾಲು. ಅದರೊಳಗೆ ನಂಬಿಗಸ್ತರಾಗಿ ಇರಬಹುದು, ಇರಬೇಕು. ಆದರೆ ಅದನ್ನು ವಾಸಿ ಮಾಡಿಕೊಳ್ಳಲು ಹೋದರೆ ಶಿಲುಬೆ ಇಳಿಸಿದಂತೆ ಎಂದು ಯಾರೂ ಹೆದರಬೇಕಾಗಿಲ್ಲ. ತಿಮೊಥೆಯನ ಹೊಟ್ಟೆನೋವಿಗೆ ಪೌಲ ‘ಸಹಿಸಿಕೋ’ ಎನ್ನಲಿಲ್ಲ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದ (1 ತಿಮೊಥೆಯ 5:23). ನಮ್ಮ ತಪ್ಪಿನಿಂದಲೇ ಬಂದ ಕಷ್ಟಕ್ಕಂತೂ ಈ ಹೆಸರು ಸಲ್ಲುವುದೇ ಇಲ್ಲ. ಪೇತ್ರ ತನ್ನ ಮೊದಲ ಪತ್ರದ 4:15ರಲ್ಲಿ ಕೊಲೆಗಾರ, ಕಳ್ಳರ ಸಾಲಿನಲ್ಲೇ ಪರರ ವಿಷಯದಲ್ಲಿ ತಲೆಹಾಕುವವನನ್ನೂ ನಿಲ್ಲಿಸುತ್ತಾನೆ. ಮೂಗು ತೂರಿಸಿ ಏಟು ತಿಂದು, ಕ್ರಿಸ್ತನಿಗಾಗಿ ತಿಂದೆ ಎನ್ನುವವರು ಆಗಲೂ ಇದ್ದರೆಂದು ಕಾಣುತ್ತದೆ.

ಬಿಲ್ಲಿನ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಒಮ್ಮೆ ಕೇಳಿದವರು ಮತ್ತೆ ಕೇಳುತ್ತಾರೆ. ಲೂಕ 14ರಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ, ಹತ್ತು ಸಾವಿರ ಸೈನಿಕರಿರುವ ಅರಸ ಇಪ್ಪತ್ತು ಸಾವಿರದವನನ್ನು ಎದುರಿಸಲು ಆಗುತ್ತದೆಯೇ ಎಂದು ಯೋಚಿಸುತ್ತಾನೆ. ತ್ಯಾಗಕ್ಕೆ ಲೆಕ್ಕಾಚಾರ ಸಲ್ಲದು ಎಂಬ ಭಾವನೆ ಎಲ್ಲಿಂದ ಬಂತೋ, ಯೇಸುವಿನ ಬಾಯಿಂದಂತೂ ಬಂದದ್ದಲ್ಲ. ನಿಮ್ಮ ಮಟ್ಟಿಗೆ ಲೆಕ್ಕ ಹಾಕುವುದೆಂದರೆ ಹೀಗೆ. ನಿರಾಕರಣೆಯನ್ನು ಎರಡೇ ವಾಕ್ಯದಲ್ಲಿ, ಬರಹದಲ್ಲಿ ಕೊಡಿ: ಈ ಬಿಲ್ಲಿಗೆ ತಕ್ಕ ದಾಖಲೆ ಇಲ್ಲ, ಆದ್ದರಿಂದ ಸಹಿ ಹಾಕಲಾರೆ. ಸತ್ಯವೇದದ ವಚನ ಬೇಡ, ಸಹೋದ್ಯೋಗಿಗಳ ನಡತೆಯ ವಿಮರ್ಶೆಯೂ ಬೇಡ. ಅದು ಸೇರಿದ ಕೂಡಲೇ ಬಿಲ್ಲಿನ ಪ್ರಶ್ನೆ ಹೋಗಿ ನಿಮ್ಮ ಅಹಂಕಾರದ ಪ್ರಶ್ನೆಯಾಗುತ್ತದೆ. ಕೇಳಿದ ದಿನಾಂಕ, ಕೇಳಿದವರು, ನೀವು ಕೊಟ್ಟ ಉತ್ತರ ಬರೆದಿಡಿ. ಕೆಲಸವೇ ಹೋದರೆ ಮನೆ ಎಷ್ಟು ತಿಂಗಳು ನಡೆದೀತು ಎಂದು ಈಗಲೇ ನೋಡಿ. ಮೂರು ತಿಂಗಳ ಖರ್ಚು ಕೈಯಲ್ಲಿದ್ದರೆ ‘ಆಗುವುದಿಲ್ಲ’ ಎನ್ನುವ ಧ್ವನಿ ನಡುಗುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿ. ಬೆಲೆಯಲ್ಲಿ ಅವರ ಪಾಲೂ ಇದೆ, ಕೇಳದೆ ಅದನ್ನು ತೆರುವ ಹಕ್ಕು ನಿಮಗಿಲ್ಲ. ಮತ್ತು ಬಡ್ತಿ ತಪ್ಪಿಸಿದ್ದು ಅನ್ಯಾಯವಾದರೆ ಮೇಲ್ಮನವಿ ಹಾಕಿ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಕಳಿಸಲು ನೋಡಿದಾಗ, ತಾವು ರೋಮ್ ಪೌರರು, ಅವರೇ ಬಂದು ಬಿಡಿಸಲಿ ಎಂದು ಪೌಲ ಪಟ್ಟು ಹಿಡಿದ (ಅಪೊಸ್ತಲರ ಕೃತ್ಯಗಳು 16:37). ಮುಂದೆ ಕೈಸರನಿಗೇ ಮನವಿ ಮಾಡಿಕೊಂಡ. ವಿಚಾರಣೆಯ ವೇಳೆ ಕೆನ್ನೆಗೆ ಹೊಡೆದವನನ್ನು ಯೇಸುವೂ ‘ನನ್ನನ್ನು ಯಾಕೆ ಹೊಡೆಯುತ್ತೀ?’ ಎಂದು ಕೇಳಿದರು (ಯೋಹಾನ 18:23). ಕಷ್ಟವನ್ನು ಒಪ್ಪಿಕೊಳ್ಳುವುದು ಬೇರೆ, ಅನ್ಯಾಯಕ್ಕೆ ರಸೀದಿ ಕೊಡುವುದು ಬೇರೆ.

ಇನ್ನು ಉಪವಾಸ, ಸಭೆಯ ಕೆಲಸ. ಇವು ನೀವೇ ಆರಿಸಿ ತಂದುಕೊಂಡವು. ಅದರಿಂದ ಕೀಳಾಗುವುದಿಲ್ಲ, ಸ್ವಂತ ಇಚ್ಛೆಯ ಶಿಸ್ತಿಗೆ ಕ್ರೈಸ್ತ ಪರಂಪರೆಯಲ್ಲಿ ದೊಡ್ಡ ಜಾಗವಿದೆ. ಆದರೆ ಅದು ತರಬೇತಿ. ಸಣ್ಣ ಸಣ್ಣ ಬಯಕೆಗಳಿಗೆ ‘ಇಲ್ಲ’ ಎನ್ನಲು ಕಲಿತ ಮನಸ್ಸು ಸುಳ್ಳು ಬಿಲ್ಲಿನ ಮುಂದೆ ‘ಇಲ್ಲ’ ಎಂದೀತು, ಅದಕ್ಕೆ ಉಪವಾಸ. ತರಬೇತಿಯಿಂದಲೇ ಜಖಂ ಆಗುತ್ತಿದ್ದರೆ ಅದರ ಪ್ರಮಾಣ ತಪ್ಪಿದೆ ಎಂದರ್ಥ, ನಿಮ್ಮ ಭಕ್ತಿ ಸಾಲದು ಎಂದಲ್ಲ.

ಕಷ್ಟವನ್ನು ಹುಡುಕಿಕೊಂಡು ಹೋಗುವ ಹುಚ್ಚನ್ನು ಸಭೆ ಬಹಳ ಹಿಂದೆಯೇ ಕಂಡಿತ್ತು, ಖಂಡಿಸಿಯೂ ಇತ್ತು. 2ನೇ ಶತಮಾನದ ನಡುಭಾಗದಲ್ಲಿ ಸ್ಮುರ್ನದ ಸಭೆ ರೋಮ್ ಅಧಿಕಾರಿಗಳು ನಂಬಿಕೆಗಾಗಿ ಕೊಲ್ಲಿಸಿದ ತನ್ನ ಬಿಷಪ್ ಪಾಲಿಕಾರ್ಪರ ಸಾವಿನ ಬಗ್ಗೆ ಬರೆದ ಪತ್ರದಲ್ಲಿ ಇಬ್ಬರನ್ನು ಎದುರುಬದುರು ಇಡುತ್ತದೆ. ಒಬ್ಬ ಫ್ರುಗ್ಯದ ಕ್ವಿಂಟಸ್: ಯಾರೂ ಹಿಡಿಯದಿದ್ದರೂ ತಾನೇ ಮುಂದೆ ಬಂದ, ಇತರರನ್ನೂ ಹುರಿದುಂಬಿಸಿ ಕರೆತಂದ, ಕಾಡುಮೃಗಗಳನ್ನು ಕಂಡ ಕೂಡಲೇ ಎದೆಗುಂದಿ ಅಧಿಕಾರಿಗಳು ಹೇಳಿದಂತೆ ಆಣೆಯಿಟ್ಟು ಬಲಿ ಅರ್ಪಿಸಿಬಿಟ್ಟ. ತಾವಾಗಿ ಸಿಕ್ಕಿಬೀಳುವವರನ್ನು ನಾವು ಹೊಗಳುವುದಿಲ್ಲ, ಸುವಾರ್ತೆ ಹಾಗೆ ಕಲಿಸುವುದಿಲ್ಲ ಎಂದು ಪತ್ರ ಅಲ್ಲೇ ಹೇಳುತ್ತದೆ. ಇನ್ನೊಬ್ಬರು ಸ್ವತಃ ಪಾಲಿಕಾರ್ಪ್. ಅವರು ಊರ ಹೊರಗಿನ ತೋಟದ ಮನೆಗೆ ಹೋದರು, ಹುಡುಕಿ ಬಂದಾಗ ಇನ್ನೊಂದಕ್ಕೆ ಹೋದರು. ಕೊನೆಗೆ ಸಿಕ್ಕಿಬಿದ್ದಾಗ ಮಾತ್ರ ಓಡಲಿಲ್ಲ. ಹಿಡಿಯಲು ಬಂದವರಿಗೆ ಊಟ ಬಡಿಸಲು ಹೇಳಿ, ಪ್ರಾರ್ಥನೆಗೆ ಒಂದು ಗಂಟೆ ಕೇಳಿ, ಎರಡು ಗಂಟೆ ಪ್ರಾರ್ಥಿಸಿ ಹೊರಟರು. ಕ್ರಿಸ್ತನನ್ನು ನಿಂದಿಸು, ಬಿಟ್ಟುಬಿಡುತ್ತೇನೆ ಎಂದ ರಾಜ್ಯಪಾಲನಿಗೆ 86 ವರ್ಷ ಸೇವೆ ಮಾಡಿದ ಒಡೆಯನನ್ನು ನಿಂದಿಸಲಾರೆ ಎಂದರು. ತಪ್ಪಿಸಿಕೊಂಡದ್ದಕ್ಕೆ ಅವರ ಮಾನ ಕುಂದಲಿಲ್ಲ. ಒಂದು ಊರಿನಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಓಡಿಹೋಗಿ ಎಂದು ಯೇಸುವೇ ಹೇಳಿದ್ದರಲ್ಲ (ಮತ್ತಾಯ 10:23)! ಪೌಲನೂ ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಕೂತು ಇಳಿದವನೇ. 4ನೇ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಸಭಾಪರಿಷತ್ತಿನ 60ನೇ ನಿಯಮ ಇನ್ನೂ ಖಡಾಖಂಡಿತ: ವಿಗ್ರಹ ಒಡೆಯಲು ಹೋಗಿ ಕೊಲೆಯಾದವನನ್ನು ರಕ್ತಸಾಕ್ಷಿಗಳ ಪಟ್ಟಿಗೆ ಸೇರಿಸಕೂಡದು.

ಹಾಗಾದರೆ ತಾನಾಗಿ ಮುಂದೆ ಬರುವುದು ಯಾವಾಗಲೂ ತಪ್ಪೇ? ಅಲ್ಲ. 1941ರಲ್ಲಿ ನಾಜಿಗಳ ಔಶ್‌ವಿಟ್ಸ್ ಶಿಬಿರದಲ್ಲಿ ಹತ್ತು ಮಂದಿಯನ್ನು ಹಸಿವಿನಿಂದ ಸಾಯಿಸಲು ಆರಿಸಿದಾಗ ಒಬ್ಬ ಕೈದಿ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಮ್ಯಾಕ್ಸಿಮಿಲಿಯನ್ ಕೋಲ್ಬೆ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಸಾಲಿನಿಂದ ಹೊರಬಂದು ಅವನ ಬದಲಿಗೆ ತಾನು ಹೋಗುತ್ತೇನೆ ಎಂದರು. ಎರಡು ವಾರದ ಮೇಲೂ ಜೀವ ಉಳಿದಿದ್ದ ಅವರನ್ನು ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿ ಕೊಂದರು. ಆ ಕೈದಿ 1995ರವರೆಗೆ ಬದುಕಿದ. ಕ್ವಿಂಟಸ್ ಮುಂದೆ ಬಂದದ್ದರಿಂದ ಯಾರಿಗೂ ಏನೂ ಒದಗಲಿಲ್ಲ. ಕೋಲ್ಬೆ ಮುಂದೆ ಬಂದದ್ದರಿಂದ ಎದುರಿಗಿದ್ದ ಒಬ್ಬನ ಜೀವ ಉಳಿಯಿತು. ದೇಹವನ್ನು ಸುಡಲು ಒಪ್ಪಿಸಿದರೂ ಪ್ರೀತಿಯಿಲ್ಲದಿದ್ದರೆ ಪ್ರಯೋಜನವಿಲ್ಲ ಎಂಬ 1 ಕೊರಿಂಥ 13:3ರ ಮಾತಿಗೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ಬೇಡ. ನೀವು ಬಿಡಲಿರುವ ಊಟ, ನಿದ್ದೆ, ಹಣ, ಸಮಯ ಯಾರ ಕೈ ಸೇರುತ್ತದೆ ಎಂದು ಕೇಳಿ. ಯಾರ ಹೆಸರೂ ಬಾರದಿದ್ದರೆ ಆ ತ್ಯಾಗವನ್ನು ಇನ್ನೊಮ್ಮೆ ಪರಿಶೀಲಿಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸಂತೋಷವಿಲ್ಲದಿದ್ದರೆ ಬೆಲೆಯಿದೆಯೇ? ಇದೆ. ಗೆತ್ಸೆಮನೆಯಲ್ಲಿ ಯೇಸು ಸಂತೋಷದಿಂದಿರಲಿಲ್ಲ. ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಶಿಷ್ಯರಿಗೆ ಬಾಯಿಬಿಟ್ಟು ಹೇಳಿಕೊಂಡರು, ಜೊತೆಗಿರಿ ಎಂದು ಬೇಡಿಕೊಂಡರು, ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಎಂದು ಮೂರು ಸಲ ಪ್ರಾರ್ಥಿಸಿದರು. ಮನಸಾರೆ ಒಪ್ಪುವುದು ಎಂದರೆ ಮನಸ್ಸಿಗೆ ಹಿತವಾಗುವುದು ಎಂದು ತಿಳಿದರೆ ಗೆತ್ಸೆಮನೆಯೇ ಅರ್ಥವಾಗುವುದಿಲ್ಲ. ಇಬ್ರಿಯರಿಗೆ 12:2 ಹೇಳುವ ಸಂತೋಷ ಶಿಲುಬೆಯ ಆಚೆ ಇಟ್ಟಿದ್ದ ಸಂತೋಷ. ಶಿಲುಬೆಯನ್ನು ಅವರು ಸಹಿಸಿಕೊಂಡರು ಎಂದೇ ಅಲ್ಲಿದೆ. ಮತ್ತಾಯ 21ರಲ್ಲಿ ಇಬ್ಬರು ಮಕ್ಕಳ ಸಾಮ್ಯವಿದೆ. ದ್ರಾಕ್ಷೇತೋಟಕ್ಕೆ ಹೋಗು ಎಂದಾಗ ಒಬ್ಬ ‘ಹೋಗುವುದಿಲ್ಲ’ ಎಂದವನು ಆಮೇಲೆ ಮನಸ್ಸು ಬದಲಿಸಿ ಹೋದ. ಇನ್ನೊಬ್ಬ ‘ಆಗಲಿ’ ಎಂದವನು ಹೋಗಲಿಲ್ಲ. ತಂದೆಯ ಇಷ್ಟ ನಡೆಸಿದವನು ಗೊಣಗಿದವನೇ.

ಆದರೆ ಗೊಣಗಾಟ ಬೇರೆ, ಒಳಗೆ ಹೆಪ್ಪುಗಟ್ಟುವ ಕಹಿ ಬೇರೆ. ತಪ್ಪಿಹೋದ ಮಗನ ಕಥೆಯ ಅಣ್ಣನನ್ನು ನೋಡಿ: ಇಷ್ಟು ವರ್ಷ ನಿನಗೆ ದಾಸನಂತೆ ದುಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎನ್ನುತ್ತಾನೆ. ಕೇಳಿದ್ದರೆ ಸಿಗುತ್ತಿತ್ತು, ಅವನು ಕೇಳಿದಂತೆ ಕಾಣುವುದಿಲ್ಲ, ಲೆಕ್ಕ ಮಾತ್ರ ಇಟ್ಟ. ತ್ಯಾಗ ಸಾಲವಾಗಿ ಬದಲಾಗುವ ಹೊತ್ತು ಇದೇ, ಅದರ ಗುರುತುಗಳು ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ. ಮಾಡದವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಯಾರಾದರೂ ನೆರವಿಗೆ ಬಂದರೆ ‘ಬೇಡ, ನಾನೇ ಮಾಡುತ್ತೇನೆ’ ಎನ್ನುತ್ತೀರಿ, ಆಮೇಲೆ ಯಾರೂ ಬರುವುದಿಲ್ಲ ಎಂದು ನೊಂದುಕೊಳ್ಳುತ್ತೀರಿ. ನಿಮ್ಮ ಕಷ್ಟ ಹೇಗೋ ಮಾತಿನ ನಡುವೆ ಬಂದೇ ಬರುತ್ತದೆ. ಈ ಮೂರರಲ್ಲಿ ಎರಡು ಇದ್ದರೆ ನಿಮ್ಮ ಸಿಡುಕಿಗೆ ಕಾರಣ ಭಕ್ತಿಯ ಕೊರತೆ ಅಲ್ಲ. ಹೊರೆ ಹೆಚ್ಚಾಗಿದೆ, ನಿದ್ದೆ ಕಡಿಮೆಯಾಗಿದೆ, ಅಷ್ಟೇ. ಸಾಯಬೇಕು ಅನಿಸುತ್ತಿದೆ ಎಂದು ಪೊದೆಯ ಕೆಳಗೆ ಮಲಗಿದ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ಉಪದೇಶವಲ್ಲ. ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ಊಟ (1 ಅರಸುಗಳು 19).

ಮನಸ್ಸನ್ನು ಒಗ್ಗಿಸಿಕೊಳ್ಳುವ ದಾರಿ ಕೇಳಿದ್ದೀರಿ. ಕೀರ್ತನೆಗಳಲ್ಲಿ ಸಿದ್ಧವಾಗಿರುವ ದಾರಿ ಪ್ರಲಾಪದ ಪ್ರಾರ್ಥನೆ. 13ನೇ ಕೀರ್ತನೆಯನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಅದರಲ್ಲಿ ಇರುವುದು ಆರೇ ವಚನ. ಮೊದಲ ಎರಡರಲ್ಲಿ ‘ಎಷ್ಟರವರೆಗೆ’ ಎಂಬ ದೂರು, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ದಿನಕ್ಕೆ ಹತ್ತು ಹದಿನೈದು ನಿಮಿಷ ಈ ಕ್ರಮದಲ್ಲೇ ಪ್ರಾರ್ಥಿಸಿ, ಒಂದನ್ನೂ ಬಿಡಬೇಡಿ. ದೂರನ್ನು ಬಿಟ್ಟು ನೇರ ಭರವಸೆಗೆ ಹಾರುವುದು ಭಕ್ತರಲ್ಲಿ ಸಾಮಾನ್ಯ. ದೇವರ ಮುಂದೆ ನುಂಗಿದ ದೂರು ಮನೆಯವರ ಮುಂದೆ ಸಿಡುಕಾಗಿ ಹೊರಬರುತ್ತದೆ. ಯಾವತ್ತಾದರೂ ಭರವಸೆಯ ಮಾತೇ ಬಾಯಿಗೆ ಬರದಿದ್ದರೆ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದದಲ್ಲಿ ಇದೆ. ಬೇಡಿಕೆಯ ಭಾಗದಲ್ಲಿ ‘ಇದನ್ನು ತೆಗೆದುಬಿಡು’ ಎಂದೂ ಕೇಳಬಹುದು. ಪೌಲ ತನ್ನ ಶರೀರದಲ್ಲಿ ನಾಟಿದ್ದ ಮುಳ್ಳಿಗಾಗಿ ಮೂರು ಸಲ ಹಾಗೆ ಕೇಳಿದ. ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂದದ್ದು ಕೇಳಿದ ಮೇಲೆ.

ಉಪವಾಸದಲ್ಲಿ ಪ್ರಮಾಣ ತಪ್ಪಿದೆ ಎನ್ನಲು ಕಾರಣವಿದೆ. ವಾರಕ್ಕೆ ಎರಡು ದಿನ ಪೂರ್ತಿ ನಿರಾಹಾರ, ಅದೇ ರಾತ್ರಿ ರೋಗಿಯ ಆರೈಕೆ; ಇದು ಕಟ್ಟುನಿಟ್ಟಿನ ಸಭೆಗಳೂ ಕೇಳದ ಕಷ್ಟ. ಕಥೋಲಿಕ ನಿಯಮ ನೋಡಿ: ವರ್ಷದಲ್ಲಿ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನವೂ ಒಂದು ಪೂರ್ತಿ ಊಟ ಉಂಟು, ಜೊತೆಗೆ ಎರಡೂ ಸೇರಿ ಇನ್ನೊಂದು ಪೂರ್ತಿ ಊಟವಾಗದಷ್ಟು ಎರಡು ಸಣ್ಣ ಆಹಾರ. 18 ತುಂಬಿದವರಿಂದ 59ರವರೆಗೆ ಮಾತ್ರ ಇದು ಅನ್ವಯ, ಕಾಯಿಲೆಯವರಿಗೆ ವಿನಾಯಿತಿ. ನೀವು ಯಾವ ಸಭೆಯವರಾದರೂ ಈ ಅಳತೆ ನೋಡಿದರೆ ಅನುಭವಸ್ಥರು ಎಷ್ಟಕ್ಕೆ ನಿಲ್ಲಿಸಿದ್ದಾರೆ ಎಂದು ತಿಳಿಯುತ್ತದೆ. ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಅತಿಯಾಗಿ ದೇಹ ದಂಡಿಸಿ ಆರೋಗ್ಯ ಕೆಡಿಸಿಕೊಂಡವರು. ಅದೇ ಮನುಷ್ಯ 1548ರಲ್ಲಿ ಸ್ಪೇನಿನ ಡ್ಯೂಕ್ ಫ್ರಾನ್ಸಿಸ್ ಬೋರ್ಜಿಯಾಗೆ ಬರೆದ ಪತ್ರದಲ್ಲಿ ಉಪವಾಸ, ದೇಹದಂಡನೆ ಕಡಿಮೆ ಮಾಡು, ಹೊಟ್ಟೆಯನ್ನು ಗಟ್ಟಿಮಾಡಿಕೋ ಎಂಬ ಅರ್ಥದ ಸಲಹೆ ಕೊಟ್ಟರು.

ನೀವು ಸದ್ಯಕ್ಕೆ ಎರಡು ದಿನವನ್ನು ಒಂದಕ್ಕೆ ಇಳಿಸಿ, ಆ ದಿನವೂ ಒಂದು ಹೊತ್ತಿನ ಊಟ ಮಾತ್ರ ಬಿಡಿ. ನೀರು ಎಂದಿನಂತೆ ಕುಡಿಯಿರಿ, ಉಪವಾಸದ ದಿನ ನೀರು ಬಿಡುವುದರಲ್ಲಿ ಪುಣ್ಯವಿಲ್ಲ. ಅಪ್ಪನನ್ನು ರಾತ್ರಿ ನೀವೊಬ್ಬರೇ ನೋಡಿಕೊಳ್ಳುವ ದಿನ ಉಪವಾಸ ಬೇಡವೇ ಬೇಡ. ತಲೆಸುತ್ತಿ ಬಿದ್ದರೆ ಇಬ್ಬರೂ ಬೀಳುತ್ತೀರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಎದೆಹಾಲು ಕೊಡುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಹಿಂದೆ ಊಟದ ವಿಷಯದಲ್ಲೇ ಮಾನಸಿಕ ತೊಂದರೆ ಅನುಭವಿಸಿದವರಿಗೆ ಉಪವಾಸ ಸರಿಯಾದ ಶಿಸ್ತಲ್ಲ, ಅವರು ಬೇರೆಯದನ್ನು ಆರಿಸಲಿ. ಐದಾರು ದಿನ ಹೆಚ್ಚುಕಡಿಮೆ ಏನೂ ತಿನ್ನದೆ ಇದ್ದು ಒಮ್ಮೆಲೇ ಹೊಟ್ಟೆ ತುಂಬ ಉಣ್ಣುವುದಂತೂ ಅಪಾಯ: ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ಬಿಟ್ಟ ಊಟದ ಹಣವನ್ನು ಬದಿಗಿಟ್ಟು ಹಸಿದವರಿಗೆ ತಲುಪಿಸಿ. ಯೆಶಾಯ 58ರಲ್ಲಿ ದೇವರು ಮೆಚ್ಚುವ ಉಪವಾಸ ಎಂದರೆ ರೊಟ್ಟಿ ಹಂಚುವುದು, ನೊಗ ಮುರಿಯುವುದು; ಉಪವಾಸವಿದ್ದುಕೊಂಡೇ ಜಗಳ ಆಡುವವರನ್ನು ಅದೇ ಅಧ್ಯಾಯ ಛೀಮಾರಿ ಹಾಕುತ್ತದೆ.

ಇನ್ನೊಂದು ಕಾವಲು: ಆರಿಸಿಕೊಂಡ ಶಿಸ್ತನ್ನು ಒಬ್ಬರಿಗೆ ಹೇಳಿ, ಒಬ್ಬರಿಗೆ ಮಾತ್ರ. 6ನೇ ಶತಮಾನದ ಬೆನೆಡಿಕ್ಟರ ಮಠನಿಯಮದ 49ನೇ ಅಧ್ಯಾಯದ ಪ್ರಕಾರ ತಪಸ್ಸಿನ ಕಾಲದಲ್ಲಿ ಸನ್ಯಾಸಿ ಊಟ, ನಿದ್ದೆ, ಮಾತು ಏನನ್ನೇ ಹೆಚ್ಚಾಗಿ ಬಿಡಬೇಕೆಂದರೂ ಮಠಾಧಿಪತಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಹೇಳದೆ ಮಾಡಿದ್ದು ಜಂಬದ ಲೆಕ್ಕಕ್ಕೆ ಹೋಗುತ್ತದೆ. ನಿಮಗೆ ಮಠಾಧಿಪತಿ ಬೇಡ, ‘ಇದು ಜಾಸ್ತಿಯಾಯಿತು’ ಎಂದು ಮುಖಕ್ಕೇ ಹೇಳಬಲ್ಲ ಒಬ್ಬ ಹಿರಿಯಕ್ಕ ಸಾಕು. ಮಿಕ್ಕವರ ಮುಂದೆ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಂಡು ಇರಿ ಎಂದು ಮತ್ತಾಯ 6 ಹೇಳಿಯೇ ಇದೆ.

ಅಪ್ಪನ ಆರೈಕೆ ಬೇರೆಯೇ ತೂಕದ್ದು. ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಗೆ ಕೊಡಬೇಕಾದದ್ದನ್ನು ತಪ್ಪಿಸುವವರನ್ನು ಯೇಸು ಮಾರ್ಕ 7ರಲ್ಲಿ ಗದರಿಸುತ್ತಾರೆ. 4ನೇ ಶತಮಾನದಲ್ಲಿ ಈಗಿನ ಟರ್ಕಿಯ ಗಾಂಗ್ರದಲ್ಲಿ ಸೇರಿದ ಸಭಾಪರಿಷತ್ತು ತಪಸ್ಸಿನ ನೆಪದಲ್ಲಿ ಮಕ್ಕಳನ್ನು ಬಿಟ್ಟವರನ್ನೂ ತಂದೆತಾಯಿಯನ್ನು ಬಿಟ್ಟವರನ್ನೂ ಬಹಿಷ್ಕರಿಸಿತು. ಆದ್ದರಿಂದ ಪ್ರಾರ್ಥನಾ ಕೂಟಕ್ಕೂ ಅಪ್ಪನಿಗೂ ತಿಕ್ಕಾಟ ಬಂದರೆ ಅಪ್ಪನೇ ಮೊದಲು. ಆದರೆ ಅಪ್ಪನನ್ನು ನೋಡಿಕೊಳ್ಳಬೇಕು ಎಂಬುದು ಆಜ್ಞೆ. ನೀವೊಬ್ಬರೇ ನೋಡಿಕೊಳ್ಳಬೇಕು ಎಂದು ಎಲ್ಲೂ ಬರೆದಿಲ್ಲ. ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆನ್ನುತ್ತಾರೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರ ನಡುವೆ ಮೂರು ಸಲ ಏಳಬೇಕು. ಏಳುವುದು, ಮಗ್ಗುಲು ತಿರುಗಿಸುವುದು, ಬೆನ್ನು ಒರೆಸುವುದು, ದಿಂಬು ಸರಿಪಡಿಸುವುದು, ಮತ್ತೆ ನಿದ್ದೆ ಹತ್ತುವುದು ಎಲ್ಲ ಸೇರಿದರೆ ಒಂದೊಂದು ಸಲಕ್ಕೆ ಅರ್ಧ ಗಂಟೆಗೆ ಕಡಿಮೆಯಿಲ್ಲ. ಹಗಲು ಕಚೇರಿಗೆ ಹೋಗುವ ಒಬ್ಬರು ಇದನ್ನು ವರ್ಷಗಟ್ಟಲೆ ಮಾಡಲಾರರು, ಎಷ್ಟೇ ವಿಶ್ವಾಸವಿದ್ದರೂ. ಒತ್ತಡ ಹಂಚುವ ಗಾಳಿಹಾಸಿಗೆ ಹಾಕಿದರೆ ರಾತ್ರಿ ಏಳುವ ಅಂತರ ಹೆಚ್ಚಿಸಬಹುದೇ ಎಂದು ದಾದಿಯರನ್ನೋ ವೈದ್ಯರನ್ನೋ ಕೇಳಿ. ಅಣ್ಣನಿಗೆ ‘ನೀನು ಏನೂ ಮಾಡುತ್ತಿಲ್ಲ’ ಎನ್ನಬೇಡಿ, ಅದರಿಂದ ಜಗಳ ಮಾತ್ರ ಬರುತ್ತದೆ. ವಾರಕ್ಕೆ ಮೂರು ರಾತ್ರಿ ಆರೈಕೆಯವರನ್ನು ಇಡಲು ಇಷ್ಟು ಖರ್ಚು, ಅದನ್ನು ನೀನು ಕೊಡು. ಅಥವಾ ತಿಂಗಳಿಗೆ ನಾಲ್ಕು ದಿನ ನೀನೇ ಬಂದು ನೋಡಿಕೋ. ಎರಡರಲ್ಲಿ ಯಾವುದು ಎಂದು ಭಾನುವಾರದೊಳಗೆ ಹೇಳು ಎನ್ನಿ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತ ಕೂತಿದ್ದ ಮೋಶೆಗೆ ಅವನ ಮಾವ ಇತ್ರೋ ‘ನೀನೂ ಸೋತುಹೋಗುತ್ತೀ, ಜನರೂ ಸೋತುಹೋಗುತ್ತಾರೆ’ ಎಂದದ್ದು ಇದೇ ಅರ್ಥದಲ್ಲಿ. ಇನ್ನು, ಶಿಲುಬೆಯನ್ನು ಯೇಸುವೇ ಕೊನೆಯವರೆಗೆ ಒಬ್ಬರೇ ಹೊರಲಿಲ್ಲ. ದಾರಿಯಲ್ಲಿ ಕುರೇನೆಯ ಸೀಮೋನನ ಹೆಗಲಿಗೆ ಹೊರಿಸಿದರು.

ನಿಮಗೆ ಸಂಬಂಧಿಸದಿದ್ದರೂ ಓದುವ ಬೇರೆಯವರಿಗಾಗಿ ಒಂದು ಮಾತು ಹೇಳಲೇಬೇಕು. ಗಂಡನ ಏಟನ್ನು, ಮನೆಯವರ ಲೈಂಗಿಕ ದೌರ್ಜನ್ಯವನ್ನು, ಸಭಾನಾಯಕರ ದಬ್ಬಾಳಿಕೆಯನ್ನು ‘ನಿನ್ನ ಶಿಲುಬೆ, ಹೊತ್ತುಕೋ’ ಎನ್ನುವವರು ಇದ್ದಾರೆ. ಅದು ಶಿಲುಬೆಯಲ್ಲ, ಅಪರಾಧ. ಹೊಡೆಸಿಕೊಳ್ಳುವುದರಿಂದ ಹೊಡೆಯುವವನ ಪಾಪ ಬೆಳೆಯುತ್ತದೆಯೇ ಹೊರತು ಯಾರಿಗೂ ರಕ್ಷಣೆ ಬರುವುದಿಲ್ಲ. ಸೌಲನ ಈಟಿ ಹಾರಿ ಬಂದಾಗ ದಾವೀದ ತಪ್ಪಿಸಿಕೊಂಡ, ಮತ್ತೆ ಬಂದಾಗ ಮನೆ ಬಿಟ್ಟು ಓಡಿದ. ಆಮೇಲೂ ಸೌಲನಿಗೆ ಕೇಡು ಬಗೆಯಲಿಲ್ಲ. ಕ್ಷಮಿಸುವುದಕ್ಕೆ ಅದೇ ಮನೆಯಲ್ಲಿ ಇರಬೇಕಾಗಿಲ್ಲ. ಮೊದಲು ಸುರಕ್ಷಿತ ಜಾಗ, ನಂಬಿಕಸ್ಥ ಒಬ್ಬರಿಗೆ ಸುದ್ದಿ, ಪೊಲೀಸರು, ವೈದ್ಯರು. ಉಪದೇಶಕ್ಕೆ ಆಮೇಲೆ ಸಮಯವಿದೆ.

ಉಳಿದದ್ದು ಸಭೆಯ ಮೂರು ಕೆಲಸ. ಒಂದು ಹಾಳೆ ತೆಗೆದುಕೊಂಡು ಒಂದೊಂದರ ಎದುರಿಗೂ ಬರೆಯಿರಿ: ಇದನ್ನು ಯಾರು ಕೇಳಿದರು, ಯಾರಿಗೆ ಉಪಯೋಗ, ನನ್ನ ಜೊತೆ ಇನ್ಯಾರು ಬೆಲೆ ತೆರುತ್ತಿದ್ದಾರೆ, ಯಾವ ತಾರೀಖಿನವರೆಗೆ. ಕೊನೆಯ ಕಲಂ ಖಾಲಿ ಉಳಿದ ಕೆಲಸವೇ ಸಾಮಾನ್ಯವಾಗಿ ಕಹಿಗೆ ಮೂಲ. ಲೆಕ್ಕಪತ್ರವನ್ನು ಮೊದಲು ಬಿಡಿ ಎನ್ನುತ್ತೇನೆ. ಮಕ್ಕಳಿಗೆ ನೀವು ಬೇಕು, ಲೆಕ್ಕಕ್ಕೆ ಲೆಕ್ಕ ಬಲ್ಲವರು ಯಾರಾದರೂ ಆದೀತು. ಒಬ್ಬರ ಕೈಯಲ್ಲೇ ಹಣದ ಪುಸ್ತಕ ಇರುವುದು ಸಭೆಗೂ ಒಳ್ಳೆಯದಲ್ಲ. ಕೊರಿಂಥದವರ ಕಾಣಿಕೆ ಸಾಗಿಸುವಾಗ ಪೌಲನೇ ಯಾರೂ ಬೆರಳು ತೋರಿಸದಂತೆ ಜೊತೆಗೆ ಇನ್ನೂ ಕೆಲವರನ್ನು ಇರಿಸಿಕೊಂಡಿದ್ದ (2 ಕೊರಿಂಥ 8:18-21). ಪ್ರಾರ್ಥನಾ ಕೂಟವನ್ನು ವಾರ ಬಿಟ್ಟು ವಾರ ಬೇರೆಯವರು ನಡೆಸಲಿ. ಸಭಾಪಾಲಕರ ಬಳಿ ‘ನನ್ನಿಂದ ಆಗುತ್ತಿಲ್ಲ’ ಎಂದು ಅಳುತ್ತ ಹೋಗುವುದೂ ಬೇಡ, ಮುನಿಸಿಕೊಂಡು ಒಮ್ಮೆಲೇ ನಿಲ್ಲಿಸುವುದೂ ಬೇಡ. ‘ಮುಂದಿನ ತಿಂಗಳ ಕೊನೆಗೆ ಪುಸ್ತಕ ಒಪ್ಪಿಸುತ್ತೇನೆ, ಹೊಸಬರಿಗೆ ಎರಡು ಶನಿವಾರ ಜೊತೆಗೆ ಕೂತು ತೋರಿಸಿಕೊಡುತ್ತೇನೆ’ ಎನ್ನಿ. ಅವರು ‘ಇದೂ ತ್ಯಾಗವೇ ಅಲ್ಲವೇ’ ಎಂದರೆ, ಇತರರಿಗೆ ಹಗುರವಾಗಿ ನಿಮಗೆ ಭಾರವಾಗಬೇಕೆಂಬುದು ನನ್ನ ಉದ್ದೇಶವಲ್ಲ ಎಂಬ ಪೌಲನ ಮಾತು ಅದೇ 2 ಕೊರಿಂಥ 8ರ 13ನೇ ವಚನದಲ್ಲಿದೆ. ನಯವಾಗಿ ತೋರಿಸಿ, ತಾರೀಖನ್ನು ಮಾತ್ರ ಬದಲಿಸಬೇಡಿ.